ಕೈಗೂ ಬಾಯಿಗೂ ಒಂದೇ ಪರೀಕ್ಷೆ

ಏನಿದು?

ಶಸ್ತ್ರಚಿಕಿತ್ಸೆ ಕಲಿಯುವ ವೈದ್ಯರ ಕೈಚಳಕವನ್ನೂ ರೋಗಿಯೊಡನೆ ಅವರು ಆಡುವ ಮಾತನ್ನೂ ಒಂದೇ ಹೊತ್ತಿನಲ್ಲಿ ಒರೆಗೆ ಹಚ್ಚುವ ಕ್ರಮ. ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿ ಅಳೆಯುವುದೇ ಹಳೆಯ ರೂಢಿ.

ಬೆಳೆದ ಬಗೆ

ರೋಗಿಯ ಪಾತ್ರಧಾರಿಯನ್ನು ಪಾಠಕ್ಕೆ ಮೊದಲು ಬಳಸಿದವರು ಅಮೆರಿಕದ ಹೋವರ್ಡ್ ಬ್ಯಾರೋಸ್, 1963ರಲ್ಲಿ. ಠಾಣೆಯಿಂದ ಠಾಣೆಗೆ ಸಾಗುವ 'ಆಸ್ಕಿ' ಪರೀಕ್ಷೆಯನ್ನು ಸ್ಕಾಟ್ಲೆಂಡಿನ ರೊನಾಲ್ಡ್ ಹಾರ್ಡನ್ 1975ರಲ್ಲಿ ತಂದರು. 1997ರಲ್ಲಿ ಟೊರಾಂಟೊದಿಂದ ಬಂದ 'ಓಸ್ಯಾಟ್ಸ್' ಕೈಕೆಲಸವನ್ನು ಏಳು ಅಂಶಗಳಲ್ಲಿ ತೂಗಿತು: ಉಪಕರಣ ಹಿಡಿಯುವ ರೀತಿ, ಅಂಗಾಂಶದ ಮೇಲಿನ ಜೋಪಾನ, ಸಹಾಯಕರ ಬಳಕೆ ಇತ್ಯಾದಿ. ರೋಗಿಯ ಜೊತೆಗಿನ ಮಾತಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಆ ಕೊರತೆ ನೀಗಿಸಿದ್ದು ಲಂಡನ್ನಿನ ರೋಜರ್ ನೀಬೋನ್ ತಂಡ. ಪಾತ್ರಧಾರಿಯ ತೋಳಿಗೆ ಕೃತಕ ಚರ್ಮ ಕಟ್ಟಿ, ಹೊಲಿಗೆ ಹಾಕುತ್ತಲೇ ಮಾತಾಡಿಸುವ 'ಇಪ್ಪಿ' ವಿಧಾನವನ್ನು ಅದು 2006ರಲ್ಲಿ ಮುಂದಿಟ್ಟಿತು.

ಒಂದು ಠಾಣೆ, ಹತ್ತಿರದಿಂದ

ಶಹಾಬಾದಿನ ಫರ್ಸಿ ಕಲ್ಲಿನ ಕೆಲಸಗಾರನೊಬ್ಬ ಅಂಗೈ ಕೊಯ್ದುಕೊಂಡು ಬಂದಿದ್ದಾನೆ ಎಂದುಕೊಳ್ಳೋಣ. ಪರೀಕ್ಷೆಗೆ ನಿಂತ ವೈದ್ಯರು ಅರಿವಳಿಕೆ ಚುಚ್ಚುವ ಮೊದಲೇ ಬೆರಳತುದಿ ಮುಟ್ಟಿ "ಗೊತ್ತಾಗ್ತದೇನ್ರಿ?" ಎಂದು ಕೇಳಬೇಕು, ಮಡಚಿ ತೋರಿಸಲು ಹೇಳಬೇಕು. ಚುಚ್ಚಿದ ಮೇಲೆ ಜೋಮು ನರಕ್ಕೆ ಬಿದ್ದ ಪೆಟ್ಟಿನದೋ ಔಷಧದ್ದೋ ತಿಳಿಯದು. ಇಲ್ಲಿ ಮಾತೇ ತಪಾಸಣೆ. ಅದನ್ನು 'ನಯವಿನಯ'ದ ಅಂಕವೆಂದು ಬದಿಗಿಡಲಾಗದು. ಆತ ಹೊಲಿಗೆಯ ನಡುವೆ "ನಾಳಿಗಿ ಕೆಲಸಕ್ಕ ಹೋಗಬಹುದೇನ್ರಿ?" ಎನ್ನುತ್ತಾನೆ. ಸೂಜಿ ನಿಲ್ಲಿಸಿ ಉತ್ತರಿಸಿದರೋ, ಗೊಣಗಿ ಮುಗಿಸಿದರೋ ಎಂಬುದನ್ನು ಪರೀಕ್ಷಕರೂ ನೋಡುತ್ತಾರೆ, ಪಾತ್ರಧಾರಿಯೂ ಅಂಕ ಕೊಡುತ್ತಾನೆ.

ಆದಿತ್ಯನಗರದ ಸೀಮೆಯಲ್ಲಿ

ಸೇಡಂ ತಾಲ್ಲೂಕಿನ ಆದಿತ್ಯನಗರ, ಚಿತ್ತಾಪುರದ ವಾಡಿ ಎರಡೂ ಸಿಮೆಂಟಿನ ಊರುಗಳು. ಈ ಭಾಗದಲ್ಲಿ ಕನ್ನಡದ ಜೊತೆ ದಖನಿ ಉರ್ದು, ತೆಲುಗು, ತಾಂಡಾಗಳ ಲಂಬಾಣಿ ಬೆರೆತಿವೆ. ಹತ್ತಿರದ ವೈದ್ಯಕೀಯ ಕಾಲೇಜುಗಳಿರುವುದು ಕಲಬುರಗಿಯಲ್ಲಿ; 1963ರ ಮಹಾದೇವಪ್ಪ ರಾಂಪುರೆ ಕಾಲೇಜು ಅವುಗಳಲ್ಲಿ ಹಳೆಯದು. ಸರ್ಕಾರಿ ಕಾಲೇಜುಗಳ ಸ್ನಾತಕೋತ್ತರ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುವುದರಿಂದ, ಹೊಲಿಗೆ ಹಾಕುವವರಿಗೆ ರೋಗಿಯ ಭಾಷೆ ಬರಲೇಬೇಕೆಂದಿಲ್ಲ. "ಬ್ಯಾನಿ" ಅಂದರೆ ನೋವು ಎಂಬುದು ಬೆಂಗಳೂರಿನ ಕನ್ನಡಿಗರಿಗೇ ತಟ್ಟನೆ ಹೊಳೆಯುವುದಿಲ್ಲ!

ನಿಯಮ ಮತ್ತು ಕಾನೂನು

ರೋಗಿಗೆ ತಿಳಿಸಿ ಹೇಳುವುದು ಕಾನೂನಿನ ಮಾತೂ ಹೌದು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಪಾಸಣೆಗೆ ಪಡೆದ ಒಪ್ಪಿಗೆ ಗರ್ಭಕೋಶ ತೆಗೆಯಲು ಸಾಲದು ಎಂದಿತು. ಆ ಬಳಿಕ 2018ರಲ್ಲಿ ಎಂಬಿಬಿಎಸ್‌ಗೆ ನಡವಳಿಕೆ, ನೀತಿ, ಸಂವಹನದ 'ಎಟ್‌ಕಾಮ್' ಪಾಠಕ್ರಮ ಪ್ರಕಟವಾಯಿತು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈಗ ಮೂರು ತಿಂಗಳ ಜಿಲ್ಲಾ ಆಸ್ಪತ್ರೆ ಸೇವೆ ಕಡ್ಡಾಯ; ಅಲ್ಲೂ ರೋಗಿಯ ಮಾತು ತಿಳಿಯಬೇಕು.

ಜೋಡಿ ಪರೀಕ್ಷೆಗೆ ದುಬಾರಿ ಯಂತ್ರ ಬೇಕಿಲ್ಲ. ಒಂದು ಹೊಲಿಗೆ ಪ್ಯಾಡ್, ಬಟ್ಟೆಯ ಪಟ್ಟಿ, ತರಬೇತಾದ ಪಾತ್ರಧಾರಿ ಸಾಕು. ಕಲಬುರಗಿಯ ಕಾಲೇಜುಗಳು ಆ ಪಾತ್ರಕ್ಕೆ ಸೇಡಂ, ಚಿಂಚೋಳಿಯ ಮಂದಿಯನ್ನೇ ಕರೆಯಲಿ.