ಮಾನವ ಅಂಶಗಳ ಸಲಹೆಗಾರರು: ಅಪಾಯದ ಉದ್ಯಮಗಳಲ್ಲಿ ತಪ್ಪು ತಗ್ಗಿಸುವ ವೃತ್ತಿ

ವಿಮಾನಯಾನ, ಪರಮಾಣು ವಿದ್ಯುತ್ ಸ್ಥಾವರ, ತೈಲ ಶುದ್ಧೀಕರಣಾಗಾರ, ರೈಲ್ವೆ, ಶಸ್ತ್ರಚಿಕಿತ್ಸಾ ಕೊಠಡಿ ಮೊದಲಾದ ಕಡೆಗಳಲ್ಲಿ ಒಬ್ಬರ ಕ್ಷಣಕಾಲದ ತಪ್ಪು ಅನೇಕರ ಪ್ರಾಣಕ್ಕೆ ಎರವಾಗಬಲ್ಲದು. ಅಂಥ ತಪ್ಪುಗಳು ಏಕೆ ಆಗುತ್ತವೆ ಎಂದು ಅಧ್ಯಯನ ಮಾಡಿ, ಯಂತ್ರ, ಕಾರ್ಯವಿಧಾನ, ಪಾಳಿ ಮತ್ತು ತಂಡದ ರಚನೆಯನ್ನು ಮನುಷ್ಯನ ಸಾಮರ್ಥ್ಯಕ್ಕೂ ಮಿತಿಗೂ ಹೊಂದಿಸಲು ನೆರವಾಗುವ ತಜ್ಞರನ್ನು ಮಾನವ ಅಂಶಗಳ ಸಲಹೆಗಾರರು ಎನ್ನಲಾಗುತ್ತದೆ. ಮನೋವಿಜ್ಞಾನ, ಎಂಜಿನಿಯರಿಂಗ್ ಮತ್ತು ಶರೀರಕ್ರಿಯಾ ವಿಜ್ಞಾನ ಕೂಡುವ ಈ ಕ್ಷೇತ್ರಕ್ಕೆ ಉದ್ಯಮ ವಲಯದಲ್ಲಿ ಹ್ಯೂಮನ್ ಫ್ಯಾಕ್ಟರ್ಸ್ ಅಥವಾ ಅರ್ಗೊನಾಮಿಕ್ಸ್ ಎಂಬ ಹೆಸರು ಬಳಕೆಯಲ್ಲಿದೆ.

ತನಿಖಾ ವರದಿಯಲ್ಲಿ ‘ಮಾನವ ದೋಷ’ ಎಂದು ಬರೆದೊಡನೆ ವಿಚಾರಣೆ ಮುಗಿಯಿತೆಂಬ ಭಾವನೆ ಎಲ್ಲೆಡೆ ಇದೆ. ಈ ತಜ್ಞರ ಕೆಲಸ ಶುರುವಾಗುವುದೇ ಅಲ್ಲಿಂದ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳಲ್ಲಿ ಒಂದೇ ಬಗೆಯ ಅವಘಡ ಮತ್ತೆ ಮತ್ತೆ ಘಟಿಸುತ್ತಿತ್ತು. ವಿಮಾನ ಸುರಕ್ಷಿತವಾಗಿ ಇಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲಾಪ್‌ಗಳನ್ನು ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ವಿಮಾನ ರನ್‌ವೇ ಮೇಲೆಯೇ ಕುಸಿದು ಕೂರುತ್ತಿತ್ತು. ಸೇನೆಯ ಮನೋವಿಜ್ಞಾನಿ ಆಲ್ಫಾನ್ಸ್ ಚಪಾನಿಸ್ ಕಾಕ್‌ಪಿಟ್ಟನ್ನೇ ಪರಿಶೀಲಿಸಿದರು. ಎರಡೂ ಕೆಲಸದ ಸ್ವಿಚ್‌ಗಳು ಒಂದೇ ಆಕಾರದಲ್ಲಿದ್ದು ಅಕ್ಕಪಕ್ಕದಲ್ಲಿದ್ದವು. ಚಕ್ರದ ಸ್ವಿಚ್ಚಿಗೆ ರಬ್ಬರಿನ ಪುಟ್ಟ ಚಕ್ರವನ್ನೂ ಫ್ಲಾಪ್ ಸ್ವಿಚ್ಚಿಗೆ ಬೆಣೆಯಾಕಾರದ ತುಂಡನ್ನೂ ಅಂಟಿಸಿದಾಗ, ಕಣ್ಣಿನ ಸಹಾಯವಿಲ್ಲದೆ ಬೆರಳೇ ವ್ಯತ್ಯಾಸವನ್ನು ಗುರುತಿಸುವಂತಾಯಿತು. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಚಕ್ರದ ಹಿಡಿ ಚಕ್ರದಂತೆ, ಫ್ಲಾಪಿನ ಹಿಡಿ ರೆಕ್ಕೆಯಂತೆ ಇರಬೇಕೆಂಬುದು ಇಂದು ಅಮೆರಿಕದ ವಿಮಾನ ನಿಯಮಗಳಲ್ಲೇ ಸೇರಿದೆ.

1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ‘ಪೈಲಟ್ ದೋಷ’ ಎನಿಸಿಕೊಂಡ 460 ಪ್ರಸಂಗಗಳನ್ನು ವಿಂಗಡಿಸಿ, ಅವುಗಳಲ್ಲಿ ಬಹುಪಾಲು ಉಪಕರಣದ ವಿನ್ಯಾಸಕ್ಕೆ ಸಂಬಂಧಿಸಿದವು ಎಂದು ತೋರಿಸಿದರು. ಬ್ರಿಟನ್ನಿನಲ್ಲಿ 1949ರಲ್ಲಿ ಈ ಕ್ಷೇತ್ರದ ಸಂಶೋಧಕರ ಸಂಘ ಹುಟ್ಟಿತು.

ತಪ್ಪಿನ ಬಗೆಗಳು

ಬ್ರಿಟಿಷ್ ಮನೋವಿಜ್ಞಾನಿ ಜೇಮ್ಸ್ ರೀಸನ್ 1990ರಲ್ಲಿ ಪ್ರಕಟಿಸಿದ ವರ್ಗೀಕರಣವನ್ನು ಸಲಹೆಗಾರರು ಹೆಚ್ಚಾಗಿ ಅನುಸರಿಸುತ್ತಾರೆ. ಉದ್ದೇಶ ಸರಿಯಿದ್ದು ಕೈ ಬೇರೆಡೆ ಹೋಗುವುದು ಕೈತಪ್ಪು. ಮಾಡಬೇಕಾದ ಹಂತವೊಂದು ಮನಸ್ಸಿನಿಂದ ಜಾರುವುದು ಮರೆವು. ಪರಿಸ್ಥಿತಿಯನ್ನೇ ತಪ್ಪಾಗಿ ಅರ್ಥೈಸಿಕೊಂಡು ದೃಢ ವಿಶ್ವಾಸದಿಂದ ತಪ್ಪು ಕ್ರಮ ಕೈಗೊಳ್ಳುವುದು ತಪ್ಪು ನಿರ್ಧಾರ. ಗೊತ್ತಿದ್ದೇ ನಿಯಮವನ್ನು ಬದಿಗಿಡುವುದು ಉಲ್ಲಂಘನೆ.

ಈ ಭೇದಗಳು ಮುಖ್ಯವಾಗುವುದು ಮದ್ದಿನ ಆಯ್ಕೆಯಲ್ಲಿ. ಕೈತಪ್ಪು ಮತ್ತು ಮರೆವು ಹೆಚ್ಚಾಗಿ ನುರಿತವರಲ್ಲೇ ಕಾಣಿಸುತ್ತವೆ, ಏಕೆಂದರೆ ಕೆಲಸ ಅವರಿಗೆ ಅಭ್ಯಾಸಬಲದಿಂದ ನಡೆಯುತ್ತದೆ. ಅಂಥವರನ್ನು ಮತ್ತೆ ತರಬೇತಿಗೆ ಕಳಿಸಿದರೆ ಪ್ರಯೋಜನ ಅಲ್ಪ. ಅಲ್ಲಿ ಬದಲಾಗಬೇಕಾದದ್ದು ಸಲಕರಣೆ. ತಪ್ಪು ನಿರ್ಧಾರಕ್ಕೆ ತರಬೇತಿಯೂ ಸರಿಯಾದ ಮಾಹಿತಿಯೂ ಬೇಕು. ಉಲ್ಲಂಘನೆ ಕಂಡಾಗ, ನಿಯಮ ಪಾಲಿಸಿದರೆ ಕೆಲಸ ಹೊತ್ತಿಗೆ ಮುಗಿಯುತ್ತದೆಯೇ ಎಂದು ಮೊದಲು ಕೇಳಬೇಕು.

ಸಲಹೆಗಾರರು ಕೆಲಸ ಮಾಡುವ ಕ್ರಮ

ಸ್ಥಾವರದ ಎಲ್ಲ ಕೆಲಸಗಳನ್ನೂ ಪರಿಶೀಲಿಸಲು ಸಾಧ್ಯವಿಲ್ಲ. ತಪ್ಪಿದರೆ ದೊಡ್ಡ ಅನಾಹುತಕ್ಕೆ ದಾರಿಯಾಗುವ ಕೆಲವು ಕೆಲಸಗಳನ್ನು ಮೊದಲು ಆರಿಸಲಾಗುತ್ತದೆ: ಒತ್ತಡದಲ್ಲಿರುವ ಪಂಪನ್ನು ದುರಸ್ತಿಗಾಗಿ ಬೇರ್ಪಡಿಸುವುದು, ಟ್ಯಾಂಕರಿನಿಂದ ರಾಸಾಯನಿಕ ಇಳಿಸುವುದು, ಮುಚ್ಚಿದ ಘಟಕವನ್ನು ಮರಳಿ ಚಾಲೂ ಮಾಡುವುದು ಇತ್ಯಾದಿ. ಅನಂತರ ನಡೆಯುವ ಕಾರ್ಯ ವಿಶ್ಲೇಷಣೆಯೇ ಈ ವೃತ್ತಿಯ ತಿರುಳು.

ಪಂಪ್ ಬೇರ್ಪಡಿಸುವುದನ್ನೇ ನೋಡಬಹುದು. ಲಿಖಿತ ಕಾರ್ಯವಿಧಾನದಲ್ಲಿ ಇದು ಹತ್ತು ಸಾಲಿನ ವಿಷಯ: ಒಳಬರುವ ವಾಲ್ವ್ ಮುಚ್ಚಿ, ಹೊರಹೋಗುವ ವಾಲ್ವ್ ಮುಚ್ಚಿ, ಉಳಿದ ಒತ್ತಡ ಇಳಿಸಿ, ಬೀಗ ಹಾಕಿ. ಸಲಹೆಗಾರರು ಆ ಹಾಳೆಯನ್ನು ಹಿಡಿದು, ಆ ಕೆಲಸವನ್ನು ನಿತ್ಯ ಮಾಡುವ ಆಪರೇಟರ್ ಜೊತೆ ಜಾಗಕ್ಕೇ ಹೋಗುತ್ತಾರೆ. ಅಕ್ಕಪಕ್ಕ ನಿಂತ ಎರಡು ಪಂಪ್‌ಗಳ ವಾಲ್ವ್‌ಗಳು ಒಂದೇ ರೀತಿ ಇರಬಹುದು. ಒಂದರ ನಾಮಫಲಕ ಬಣ್ಣದಡಿ ಮುಚ್ಚಿಹೋಗಿರಬಹುದು. ಒತ್ತಡದ ಮಾಪಕ ಓದಲು ಪೈಪಿನ ಕೆಳಗೆ ಬಗ್ಗಬೇಕಾಗಬಹುದು. ಒತ್ತಡ ಪೂರ್ತಿ ಇಳಿಯಿತೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, ‘ಸದ್ದು ನಿಲ್ಲುತ್ತೆ ಸರ್, ಅದರಲ್ಲೇ ಗೊತ್ತಾಗುತ್ತೆ’ ಎಂಬ ಉತ್ತರ ಬರಬಹುದು. ಹಾಳೆಯಲ್ಲಿ ಆ ಮಾತು ಇರುವುದಿಲ್ಲ. ಪಂಪ್‌ಗಳ ಗದ್ದಲದಲ್ಲಿ, ಕಿವಿರಕ್ಷಕ ಹಾಕಿಕೊಂಡಾಗ, ಆ ಸದ್ದು ಕೇಳಿಸುವುದೇ ಎಂಬುದು ಮುಂದಿನ ಪ್ರಶ್ನೆ. ಬರೆದಿಟ್ಟ ಕೆಲಸಕ್ಕೂ ನಡೆಯುವ ಕೆಲಸಕ್ಕೂ ಇರುವ ಇಂಥ ಅಂತರಗಳನ್ನು, ಯಾರ ಮೇಲೂ ದೂರು ಹೊರಿಸದೆ ಹೊರತರುವುದರಲ್ಲಿ ಸಲಹೆಗಾರರ ನೈಪುಣ್ಯವಿದೆ.

ಪ್ರತಿ ಹಂತದಲ್ಲಿ ಏನೇನು ತಪ್ಪಬಹುದು, ತಪ್ಪಿದರೆ ಯಾರಿಗೆ ತಿಳಿಯುತ್ತದೆ, ಸರಿಪಡಿಸಲು ಸಮಯವಿದೆಯೇ ಎಂದು ದಾಖಲಿಸಲಾಗುತ್ತದೆ. ಕೆಲವೆಡೆ ತಪ್ಪಿನ ಸಂಭವವನ್ನು ಅಂಕಿಯಲ್ಲೂ ಅಂದಾಜು ಮಾಡುತ್ತಾರೆ. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಹಾರ್ಟ್ ಎಂಬ ವಿಧಾನ ಇದಕ್ಕೆ ನಿದರ್ಶನ. ಅದರ ಪ್ರಕಾರ ರೂಢಿಯ, ವೇಗವಾಗಿ ಮಾಡುವ ಸರಳ ಕೆಲಸದಲ್ಲಿ ತಪ್ಪಿನ ಸಂಭವ 0.02, ಅಂದರೆ 100ಕ್ಕೆ 2. ಸಮಯದ ಅಭಾವ ಅದನ್ನು ಗರಿಷ್ಠ 11 ಪಟ್ಟು, ಪರಿಸ್ಥಿತಿಯ ಅಪರಿಚಿತತೆ ಗರಿಷ್ಠ 17 ಪಟ್ಟು ಹೆಚ್ಚಿಸಬಲ್ಲದು. ಸಮಯದ ಒತ್ತಡ ಪೂರ್ಣ ಪ್ರಮಾಣದ 0.4ರಷ್ಟಿದೆ ಎಂದು ತಜ್ಞರು ನಿರ್ಣಯಿಸಿದರೆ ಗುಣಕ 5 ಆಗಿ, ಸಂಭವ 100ಕ್ಕೆ 10ಕ್ಕೆ ಏರುತ್ತದೆ. ಆ 0.4 ತಜ್ಞರ ಊಹೆಯಾದ್ದರಿಂದ ಇಂಥ ಅಂಕಿಗಳನ್ನು ಅಳತೆಯೆಂದು ನಂಬುವುದು ಸರಿಯಲ್ಲ. ಎರಡು ವಿನ್ಯಾಸಗಳಲ್ಲಿ ಯಾವುದು ಮೇಲು ಎಂದು ಹೋಲಿಸಲು ಅವು ಉಪಯುಕ್ತ.

ಪರಿಹಾರಗಳಲ್ಲಿಯೂ ಒಂದು ಕ್ರಮವಿದೆ. ತಪ್ಪಿಗೆ ಆಸ್ಪದವನ್ನೇ ತೆಗೆದುಹಾಕುವ ವಿನ್ಯಾಸಕ್ಕೆ ಮೊದಲ ಸ್ಥಾನ. ತಪ್ಪನ್ನು ಕೂಡಲೇ ತೋರಿಸುವ ವ್ಯವಸ್ಥೆ ಅದರ ನಂತರದ್ದು. ಸೂಚನಾ ಫಲಕ ಮತ್ತು ‘ಜಾಗರೂಕರಾಗಿರಿ’ ಎಂಬ ಸುತ್ತೋಲೆ ಕೊನೆಯಲ್ಲಿ ಬರುತ್ತವೆ. ಅಗ್ಗವಾದ್ದರಿಂದ ಸಂಸ್ಥೆಗಳು ಹೆಚ್ಚಾಗಿ ಹಿಡಿಯುವುದು ಈ ಕೊನೆಯ ದಾರಿಯನ್ನೇ ಎಂಬುದು ವಿಷಾದದ ಸಂಗತಿ.

ನಿಯಂತ್ರಣ ಕೊಠಡಿಯ ಪಾಠಗಳು

1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ, ಒತ್ತಡ ಇಳಿಸಲು ತೆರೆದ ವಾಲ್ವೊಂದು ಮರಳಿ ಮುಚ್ಚಿಕೊಳ್ಳಲಿಲ್ಲ. ನಿಯಂತ್ರಣ ಫಲಕದಲ್ಲಿ ಅದರ ದೀಪ ಮಾತ್ರ ಆರಿತು. ಆ ದೀಪ ತೋರಿಸುತ್ತಿದ್ದುದು ‘ಮುಚ್ಚು’ ಎಂಬ ಆದೇಶ ಹೋಯಿತು ಎಂಬುದನ್ನಷ್ಟೇ. ವಾಲ್ವ್ ನಿಜವಾಗಿ ಮುಚ್ಚಿದೆಯೇ ಎಂಬುದನ್ನು ಅಲ್ಲ. ಸುಳಿವು ಕೊಡಬಲ್ಲ ಇನ್ನೊಂದು ಮಾಪಕ ಫಲಕದ ಹಿಂಬದಿಯಲ್ಲಿತ್ತು. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂಗಳು ಮೊಳಗಿದವು. ವ್ಯವಸ್ಥೆಯಲ್ಲಿ ನೀರು ಅತಿಯಾಗಿದೆ ಎಂದು ಭಾವಿಸಿದ ಸಿಬ್ಬಂದಿ ತುರ್ತು ನೀರನ್ನು ತಗ್ಗಿಸಿದರು. ವಾಲ್ವಿನ ಮೂಲಕ ಎರಡು ಗಂಟೆಗೂ ಹೆಚ್ಚು ಕಾಲ ಶೀತಕ ಸೋರಿಹೋಗಿ, ರಿಯಾಕ್ಟರಿನ ತಿರುಳಿನ ಸುಮಾರು ಅರ್ಧ ಭಾಗ ಕರಗಿತು. ದೀಪವನ್ನು ನಂಬಿದವರು ದಡ್ಡರಾಗಿರಲಿಲ್ಲ. ಆ ಫಲಕದ ಮುಂದೆ ಯಾರು ಕುಳಿತಿದ್ದರೂ ಹಾಗೆಯೇ ಓದುತ್ತಿದ್ದರು.

1994ರ ಜುಲೈ 24ರಂದು ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟವಾಗುವ ಮುನ್ನ, ಕೊನೆಯ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂಗಳು ಬಂದವು. ಸಾಮಾನ್ಯ ಸ್ಥಿತಿಯಲ್ಲಿ ಹತ್ತು ನಿಮಿಷಕ್ಕೆ ಸರಾಸರಿ ಒಂದಕ್ಕಿಂತ ಹೆಚ್ಚು ಅಲಾರಂ ಬರಬಾರದೆಂಬ ಮಾರ್ಗಸೂಚಿ ಇಂದು ಉದ್ಯಮದಲ್ಲಿ ಜಾರಿಯಲ್ಲಿದೆ. ಯಾವ ಅಲಾರಂ ಉಳಿಯಬೇಕು, ಯಾವುದು ಹೋಗಬೇಕು ಎಂದು ಒಂದೊಂದಾಗಿ ಸೋಸುವುದು ಸಲಹೆಗಾರರಿಗೆ ತಿಂಗಳುಗಟ್ಟಲೆ ಹಿಡಿಯುವ ಕೆಲಸ.

ದಣಿವು ಮತ್ತು ಅಧಿಕಾರ: ಮಂಗಳೂರಿನ ದುರಂತ

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ಸತ್ತರು. ಇಳಿಯುವ ಪ್ರಯತ್ನವನ್ನು ಕ್ಯಾಪ್ಟನ್ ಕೈಬಿಡದಿದ್ದುದೇ ನೇರ ಕಾರಣವೆಂದು ತನಿಖಾ ನ್ಯಾಯಾಲಯ ಹೇಳಿತು. ಅಷ್ಟಕ್ಕೇ ನಿಲ್ಲದೆ ಅದು ಹಿಂದಿನ ಕಾರಣಗಳನ್ನೂ ಕೆದಕಿದ್ದರಿಂದ ಆ ವರದಿ ಬೆಲೆಯುಳ್ಳದ್ದಾಗಿದೆ.

ಕ್ಯಾಪ್ಟನ್ ಪ್ರಯಾಣದ ಬಹುಪಾಲು ನಿದ್ರಿಸಿದ್ದರು. ದೀರ್ಘ ನಿದ್ದೆಯಿಂದ ಎದ್ದ ಮೇಲೆ ಬುದ್ಧಿ ಕೆಲಹೊತ್ತು ಮಂಕಾಗಿರುತ್ತದೆ. ನಸುಕಿನ ಜಾವದಲ್ಲಿ ದೇಹದ ಎಚ್ಚರವೂ ತೀರ ತಗ್ಗಿರುತ್ತದೆ. ಮಂಗಳೂರಿನ ರಾಡಾರ್ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಎಂದಿಗಿಂತ ಹತ್ತಿರದಲ್ಲಿ, ಹಾಗಾಗಿ ವಿಮಾನ ಅಗತ್ಯಕ್ಕಿಂತ ಎತ್ತರದಲ್ಲಿತ್ತು. ಮತ್ತೆ ಮೇಲೇರುವಂತೆ ಸಹಪೈಲಟ್ ಮೂರು ಸಲ ಹೇಳಿದರು, ಆದರೆ ನಿಯಂತ್ರಣವನ್ನು ತಾವು ತೆಗೆದುಕೊಳ್ಳಲಿಲ್ಲ. ಅಂಥ ಸಂದರ್ಭದಲ್ಲಿ ಸಹಪೈಲಟ್‌ಗೆ ಎಷ್ಟು ಅಧಿಕಾರವಿದೆ ಎಂಬ ಬಗ್ಗೆ ಸೂಚನೆಗಳಲ್ಲಿದ್ದ ಅಸ್ಪಷ್ಟತೆ ಇದಕ್ಕೆ ಕಾರಣವಾಗಿರಬಹುದೆಂದು ನ್ಯಾಯಾಲಯ ಗುರುತಿಸಿತು. ಹಿರಿಯರ ಮಾತಿಗೆ ಎದುರಾಡಬಾರದೆಂದು ಬೆಳೆದವರಿಗೆ ಕಾಕ್‌ಪಿಟ್ಟಿನಲ್ಲಿ ಎದುರಾಡುವುದನ್ನು ಕಲಿಸಲೇಬೇಕಾಗುತ್ತದೆ. 1977ರಲ್ಲಿ ಟೆನೆರೀಫ್ ದ್ವೀಪದಲ್ಲಿ ಎರಡು ಜಂಬೊ ವಿಮಾನಗಳು ಢಿಕ್ಕಿಯಾಗಿ 583 ಮಂದಿ ಸತ್ತ ನಂತರ ವಿಮಾನಯಾನದಲ್ಲಿ ಹರಡಿದ ತಂಡ ನಿರ್ವಹಣೆಯ ತರಬೇತಿಯ ಗುರಿಯೂ ಇದೇ.

ಇತರ ಕ್ಷೇತ್ರಗಳು

ರೈಲ್ವೆಯಲ್ಲಿ ಲೋಕೊ ಪೈಲಟ್ ಮತ್ತು ಸಹಾಯಕ ಪೈಲಟ್ ಪ್ರತಿ ಸಿಗ್ನಲ್ಲಿನ ಬಣ್ಣವನ್ನು ಪರಸ್ಪರ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಕಣ್ಣು, ಬಾಯಿ, ಕಿವಿ ಒಟ್ಟಿಗೆ ಕೆಲಸ ಮಾಡಿದಾಗ ಅಭ್ಯಾಸಬಲದ ತಪ್ಪು ಕಡಿಮೆಯಾಗುತ್ತದೆ. ಜಪಾನಿನ ರೈಲ್ವೆ ಇದೇ ತತ್ತ್ವವನ್ನು ಬೆರಳು ತೋರಿಸಿ ಹೇಳುವ ಪದ್ಧತಿಯಾಗಿ ಬೆಳೆಸಿದೆ.

ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ತಪಾಸಣಾ ಪಟ್ಟಿ 2008ರಲ್ಲಿ ಬಂತು. ನವದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಅದೇ ಬಗೆಯ ಪಟ್ಟಿ ಜಾರಿಗೆ ಬಂದಾಗ ಗಮನಾರ್ಹ ಬದಲಾವಣೆ ಕಾಣಲಿಲ್ಲವೆಂದು 2014ರಲ್ಲಿ ವರದಿಯಾಯಿತು. ಇದಕ್ಕೆ ಹಲವು ವಿವರಣೆಗಳಿವೆ. ತಂಡ ನಿಂತು ಮಾತಾಡದೆ ಕಾಗದಕ್ಕೆ ಗುರುತು ಹಾಕಿದರೆ ಪಟ್ಟಿ ಫಲ ಕೊಡುವುದಿಲ್ಲ ಎಂಬುದು ಮಾನವ ಅಂಶಗಳ ತಜ್ಞರಲ್ಲಿ ಅನೇಕರ ವಾದ.

ಔಷಧಿ ಕೊಡುವ ನಳಿಕೆಗಳ ವಿಷಯದಲ್ಲಿ ವಿನ್ಯಾಸವೇ ಮುಂದೆ ಬಂದಿದೆ. ರಕ್ತನಾಳಕ್ಕೆ ಮಾತ್ರ ಕೊಡಬೇಕಾದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಮದ್ದು ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋಗಿ ರೋಗಿಗಳು ಸತ್ತ ಪ್ರಸಂಗಗಳು ಹಲವು ದೇಶಗಳಲ್ಲಿ ನಡೆದಿವೆ. ಎರಡೂ ಕಡೆಗೆ ಒಂದೇ ಅಳತೆಯ ಸಿರಿಂಜ್ ಜೋಡಣೆಯಾಗುತ್ತಿದ್ದುದು ಇದಕ್ಕೆ ಎಡೆಮಾಡಿಕೊಟ್ಟಿತ್ತು. ಈಗಿನ ಅಂತರರಾಷ್ಟ್ರೀಯ ಮಾನಕದಂತೆ ಬೆನ್ನುಹುರಿಯ ಸೂಜಿಯ ಜೋಡಣೆಗೆ ಬೇರೆಯೇ ಅಳತೆಯಿದ್ದು, ರಕ್ತನಾಳದ ಸಿರಿಂಜ್ ಅದಕ್ಕೆ ಕೂರುವುದಿಲ್ಲ.