ಫ್ರಿಟೋ ಪೈ ಎಂಬ ಭಕ್ಷ್ಯದ ಪೂರ್ವೋತ್ತರ

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿ ಟೆಕ್ಸಾಸ್, ನ್ಯೂ ಮೆಕ್ಸಿಕೋ ಎಂಬ ಎರಡು ಪ್ರಾಂತಗಳು ಒಂದಕ್ಕೊಂದು ಹೊಂದಿಕೊಂಡಿವೆ. ನದೀಜಲದ ವಿಷಯವಾಗಿ ಇವುಗಳೊಳಗಿನ ವ್ಯಾಜ್ಯವು ಆ ದೇಶದ ಶ್ರೇಷ್ಠ ನ್ಯಾಯಸ್ಥಾನದವರೆಗೂ ಹೋಗಿರುವುದು. ಆದರೆ ಪ್ರಕೃತ ನಾವು ವಿಚಾರಿಸಲಿರುವುದು ನೀರಿನ ವ್ಯಾಜ್ಯವನ್ನಲ್ಲ, ಒಂದು ತಿಂಡಿಯ ವ್ಯಾಜ್ಯವನ್ನು. ಆ ತಿಂಡಿಗೆ ಫ್ರಿಟೋ ಪೈ ಎಂದು ಹೆಸರು. ಮೆಕ್ಕೆಜೋಳದ ಹಿಟ್ಟನ್ನು ಪಟ್ಟಿಯಾಗಿ ಒತ್ತಿ ಕರಿದ ಗರಿಗರಿಯಾದ ಚಿಪ್ಪುಗಳ ಮೇಲೆ ಕುದಿಯುತ್ತಿರುವ ಚಿಲ್ಲಿಯನ್ನು ಹೊಯ್ದು, ಅದರ ಮೇಲೆ ತುರಿದ ಚೀಸನ್ನೂ ಹೆಚ್ಚಿದ ಈರುಳ್ಳಿಯನ್ನೂ ಉದುರಿಸಿದರೆ ಫ್ರಿಟೋ ಪೈ ಸಿದ್ಧವಾಯಿತು. ಪೈ ಎಂದರೆ ಹಿಟ್ಟಿನ ಕವಚದೊಳಗೆ ಹೂರಣವಿಟ್ಟು ಬೇಯಿಸಿದ ಭಕ್ಷ್ಯ. ಇದರಲ್ಲಿ ಕವಚವೂ ಇಲ್ಲ, ಹೂರಣವೂ ಇಲ್ಲ. ಚಳಿಗಾಲದ ಸಂಜೆ, ಶಾಲೆಯ ಹುಡುಗರ ಕಾಲ್ಚೆಂಡಿನ ಪಂದ್ಯದಲ್ಲಿ, ಮರದ ಮೆಟ್ಟಿಲುಗಳ ಮೇಲೆ ಕುಳಿತು ಇದನ್ನು ತಿಂದವರು ಮುದುಕರಾದ ಮೇಲೂ ಇದರ ಹೆಸರು ಹೇಳಿದರೆ ಬಾಯಲ್ಲಿ ನೀರೂರಿಸುವರು.

ಚಿಲ್ಲಿ ಎಂದರೆ ಬರಿಯ ಮೆಣಸಿನಕಾಯಿಯಲ್ಲ. ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿಗಳೊಡನೆ ಗೋಮಾಂಸವನ್ನು ಬಹುಹೊತ್ತು ಬೇಯಿಸಿ ಮಾಡಿದ ಕೆಂಪು ಗೊಜ್ಜಿಗೆ ಟೆಕ್ಸಾಸಿನವರು ಹೀಗೆನ್ನುವರು. ನಮ್ಮ ವಾಚಕರಲ್ಲಿ ಅನೇಕರಿಗೆ ಈ ಪದಾರ್ಥ ನಿಷಿದ್ಧವೆಂಬುದನ್ನು ಬಲ್ಲೆನು; ಆದರೆ ಚರಿತ್ರೆಯನ್ನು ಓದುವುದಕ್ಕೆ ಮಡಿಯ ತೊಡಕಿಲ್ಲ. ಮೆಣಸಿನಕಾಯಿಯಾದರೋ ನಮಗೂ ಅವರಿಗೂ ಸಮಾನವಾದ ಆಸ್ತಿ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಆ ಖಂಡದಿಂದ ನಮ್ಮ ಪಶ್ಚಿಮ ಕರಾವಳಿಗೆ ತಂದರು. ಕರಿಮೆಣಸನ್ನೇ ಬಲ್ಲ ನಮ್ಮವರು ಹೊಸ ಕಾಯಿಯನ್ನು ಮೆಣಸಿನ ‘ಕಾಯಿ’ ಎಂದು ಕರೆದು ಮನೆಯೊಳಗೆ ಸೇರಿಸಿಕೊಂಡರು.

ಈ ಚಿಲ್ಲಿಗೆ ಕೀರ್ತಿ ತಂದವರು ಟೆಕ್ಸಾಸಿನ ಸಾನ್ ಅಂಟೋನಿಯೋ ಪಟ್ಟಣದ ಬಡ ಹೆಂಗಸರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೆಕ್ಸಿಕನ್ ಮನೆತನಗಳ ಸ್ತ್ರೀಯರು ಹೊತ್ತು ಮುಳುಗುತ್ತಲೇ ಆ ಊರಿನ ಚೌಕಗಳಿಗೆ ಹಂಡೆಗಳನ್ನು ತಂದು, ಬೆಂಕಿ ಹೂಡಿ, ಲಾಂದ್ರಗಳನ್ನು ಹಚ್ಚಿ, ಉದ್ದನೆಯ ಮೇಜುಗಳ ಮೇಲೆ ಚಿಲ್ಲಿಯನ್ನು ಬಡಿಸುತ್ತಿದ್ದರು. ಸಿಪಾಯಿಗಳು, ದನಗಾಹಿಗಳು, ಪ್ರವಾಸಿಗಳು, ಪಟ್ಟಣದ ದೊಡ್ಡ ಮನುಷ್ಯರು, ಎಲ್ಲರಿಗೂ ಒಂದೇ ಪಂಕ್ತಿ. ಈ ಸ್ತ್ರೀಯರಿಗೆ ‘ಚಿಲ್ಲಿ ರಾಣಿಯರು’ ಎಂದು ಹೆಸರಾಯಿತು. 1893ರಲ್ಲಿ ಚಿಕಾಗೋ ನಗರದಲ್ಲಿ ನಡೆದ ಲೋಕಪ್ರದರ್ಶನದಲ್ಲಿಯೂ ಸಾನ್ ಅಂಟೋನಿಯೋ ಚಿಲ್ಲಿಯ ಅಂಗಡಿಯೊಂದಿತ್ತು. (ನಮ್ಮ ಸ್ವಾಮಿ ವಿವೇಕಾನಂದರು ಉಪನ್ಯಾಸ ಮಾಡಿದ ಸರ್ವಧರ್ಮ ಸಮ್ಮೇಲನವು ಸೇರಿದ್ದುದು ಇದೇ ಪ್ರದರ್ಶನದ ಅಂಗವಾಗಿ.) ರಾಣಿಯರೆಂಬ ಬಿರುದು ಅವರನ್ನು ಕಾಪಾಡಲಿಲ್ಲ. 1937ರಲ್ಲಿ ಪಟ್ಟಣದ ಆರೋಗ್ಯಶಾಖೆಯವರು ಶುಚಿತ್ವದ ನಿಯಮಗಳನ್ನು ಮುಂದೊಡ್ಡಿ ಅವರನ್ನು ಚೌಕದಿಂದ ಎಬ್ಬಿಸಿದರು. ಮಾರಿ ಮ್ಯಾವರಿಕ್ ಎಂಬಾತನು ಪುರಾಧ್ಯಕ್ಷನಾಗಿದ್ದಾಗ 1939ರಲ್ಲಿ ಮತ್ತೆ ಅವಕಾಶ ಕೊಟ್ಟನಾದರೂ ಅದು ಬಹುಕಾಲ ನಿಲ್ಲಲಿಲ್ಲ. ಆ ಹಂಡೆಗಳು ಮರೆಯಾದ ಬಹುಕಾಲದ ಮೇಲೆ, 1977ರಲ್ಲಿ, ಟೆಕ್ಸಾಸಿನ ಶಾಸನಸಭೆಯು ಚಿಲ್ಲಿಯನ್ನು ತನ್ನ ಪ್ರಾಂತದ ಭಕ್ಷ್ಯವೆಂದು ಸಾರಿತು. ಬಡವರ ವಿದ್ಯೆಗೆ ಗೌರವವು ಬರುವುದು ಬಹುಶಃ ಹೀಗೆಯೇ, ವಿದ್ಯಾವಂತೆಯು ಮನೆ ಬಿಟ್ಟು ಹೋದ ಮೇಲೆ.

ಇನ್ನು ಜೋಳದ ಚಿಪ್ಪಿನ ಸಂಗತಿ. ಮೆಕ್ಸಿಕೋ ದೇಶದ ಆದಿನಿವಾಸಿಗಳು ಮೆಕ್ಕೆಜೋಳವನ್ನು ಹಾಗೆಯೇ ಬೀಸುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ಇರುಳೆಲ್ಲ ನೆನೆಯಿಟ್ಟು, ಸಿಪ್ಪೆ ಕಳೆದು, ಕಲ್ಲಿನ ಮೇಲೆ ಅರೆದು ಕಣಕ ಮಾಡಿಕೊಳ್ಳುವರು. ಇದು ಸಾವಿರಾರು ವರ್ಷಗಳ ಪದ್ಧತಿ. ಸುಣ್ಣವನ್ನು ರುಚಿಗೆಂದು ಹಾಕುವರೆಂದು ಐರೋಪ್ಯರು ತಿಳಿದಿದ್ದಿರಬೇಕು. ಕಾಳನ್ನು ಕೊಂಡೊಯ್ದರು, ಸುಣ್ಣವನ್ನು ಬಿಟ್ಟರು. ಅದರ ಫಲವಾಗಿ ಇಟಲಿಯಲ್ಲಿಯೂ ಅನಂತರ ಅಮೇರಿಕದ ದಕ್ಷಿಣ ಪ್ರಾಂತಗಳಲ್ಲಿಯೂ ಜೋಳವನ್ನೇ ನಂಬಿದ ಬಡವರಿಗೆ ಪೆಲ್ಲಾಗ್ರ ಎಂಬ ಘೋರವಾದ ಚರ್ಮರೋಗವು ತಗುಲಿ, ಬುದ್ಧಿಭ್ರಮಣೆಯಾಗಿ ಸಾವಿರಾರು ಜನ ಸತ್ತರು. ಅದು ಅಂಟುರೋಗವಲ್ಲ, ಆಹಾರದ ಕೊರತೆಯೆಂದು 1914ರಿಂದ ಮೊದಲ್ಗೊಂಡು ಪರೀಕ್ಷೆಗಳಿಂದ ತೋರಿಸಿದವನು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನು. ಜೋಳದಲ್ಲಿರುವ ನಿಯಾಸಿನ್ ಎಂಬ ಜೀವಸತ್ತ್ವವು ಸುಣ್ಣವಿಲ್ಲದೆ ದೇಹಕ್ಕೆ ದಕ್ಕುವುದಿಲ್ಲವೆಂಬುದು ಅನಂತರ ಗೊತ್ತಾಯಿತು. ನಮ್ಮ ದಖ್ಖನ್ ಸೀಮೆಯ ಬಿಳಿಜೋಳ ತಿನ್ನುವ ಬಡವರಲ್ಲಿಯೂ ಈ ರೋಗ ಕಂಡುಬಂದು, ಹೈದರಾಬಾದಿನ ಆಹಾರವಿಜ್ಞಾನಿಗಳು 1960ರ ಸುಮಾರಿನಲ್ಲಿ ಅದನ್ನು ಕುರಿತು ಪರಿಶೋಧನೆ ಮಾಡಿದರು. ಅಜ್ಜಿಯರು ಕಾರಣ ಹೇಳದೆ ಪಾಲಿಸಿದ ಪದ್ಧತಿಯನ್ನು ತಿರಸ್ಕರಿಸುವ ಮುನ್ನ ಎರಡು ಸಲ ಯೋಚಿಸುವುದು ಲೇಸು.

ಈ ಸುಣ್ಣದ ಕಣಕವನ್ನು ಸಣ್ಣ ಪಟ್ಟಿಗಳಾಗಿ ಒತ್ತಿ ಕರಿದು ಸಾನ್ ಅಂಟೋನಿಯೋವಿನಲ್ಲಿ ಮಾರುತ್ತಿದ್ದವನು ಗುಸ್ತಾವೋ ಓಲ್ಗಿನ್ ಎಂಬ ಮೆಕ್ಸಿಕೋ ದೇಶೀಯನು. ಆತನಿಗೆ ಸ್ವದೇಶಕ್ಕೆ ಹಿಂದಿರುಗುವ ಮನಸ್ಸಾಗಿತ್ತು. 1932ರಲ್ಲಿ, ವ್ಯಾಪಾರಗಳೆಲ್ಲ ಕುಸಿದಿದ್ದ ಆ ದುರ್ದಿನಗಳಲ್ಲಿ, ಮಿಠಾಯಿ ಅಂಗಡಿಯ ಚಾರ್ಲ್ಸ್ ಎಲ್ಮರ್ ಡೂಲಿನ್ ಎಂಬಾತನು ನೂರು ಡಾಲರುಗಳನ್ನು ಕೊಟ್ಟು ಆ ಪಾಕವಿಧಾನವನ್ನು ಕೊಂಡನು. ಅದರೊಡನೆ, ಬೆಂದ ಆಲೂಗೆಡ್ಡೆಯನ್ನು ಹಿಸುಕುವ ಒಂದು ಒತ್ತುಗ (ನಮ್ಮ ಚಕ್ಕುಲಿ ಒರಳಿನ ದಾಯಾದಿಯೆನ್ನಬಹುದು) ಮತ್ತು ಹತ್ತೊಂಬತ್ತು ಅಂಗಡಿಗಳ ವರ್ತನೆಯೂ ಅವನ ಪಾಲಾಯಿತು. ಹಣಕ್ಕಾಗಿ ತಾಯಿ ಡೇಸಿಯು ಮದುವೆಯ ಉಂಗುರವನ್ನು ಅಡವಿಟ್ಟಳೆಂದು ಆ ಮನೆತನದವರು ಹೇಳುವರು. ಮೊದಮೊದಲು ಆಕೆಯ ಅಡಿಗೆಯ ಮನೆಯಲ್ಲಿಯೇ ಗಂಟೆಗೆ ಹತ್ತು ಪೌಂಡಿನಷ್ಟು ಕರಿದು ಮಾರಿದರೆ ದಿನಕ್ಕೆ ಎರಡು ಡಾಲರು ಉಳಿಯುತ್ತಿತ್ತಂತೆ. ಆ ಕಸುಬು ಬೆಳೆದು ಡಲ್ಲಾಸ್ ನಗರಕ್ಕೆ ಹೋಯಿತು. ಡೂಲಿನ್ 1959ರಲ್ಲಿ ತೀರಿಕೊಂಡನು. 1961ರಲ್ಲಿ ಲೇ ಎಂಬವನ ಸಂಸ್ಥೆಯೊಡನೆ, 1965ರಲ್ಲಿ ಪೆಪ್ಸಿ ಸಂಸ್ಥೆಯೊಡನೆ ಬೆರೆತು ಲೋಕವ್ಯಾಪಾರವಾಯಿತು. ಇದರಲ್ಲಿ ಒಂದು ವಿನೋದವುಂಟು: ಡೂಲಿನ್ ಸ್ವತಃ ಮಾಂಸವನ್ನು ವರ್ಜಿಸಿ ಉಪ್ಪನ್ನೂ ದೂರವಿಟ್ಟಿದ್ದ ಪಥ್ಯದ ಮನುಷ್ಯನು. ತನ್ನ ಹೆಸರನ್ನು ಬೆಳೆಸಿದ ತಿಂಡಿಯನ್ನು ಅವನು ಮಾರಿದಷ್ಟು ತಿನ್ನಲಿಲ್ಲ.

ಹಾಗಾದರೆ ಚಿಪ್ಪಿಗೂ ಚಿಲ್ಲಿಗೂ ಮದುವೆ ಮಾಡಿದವರಾರು? ಟೆಕ್ಸಾಸಿನವರು ಡೇಸಿ ಡೂಲಿನ್ ಎನ್ನುವರು. ಡೂಲಿನ್ನನ ಕಾರ್ಯದರ್ಶಿನಿ ಮೇರಿ ಲಿವಿಂಗ್‌ಸ್ಟನ್ ಎಂದೂ ಕೆಲವರು ಹೇಳುವುದುಂಟು. ನ್ಯೂ ಮೆಕ್ಸಿಕೋದವರಾದರೋ, ಸಾಂಟಾ ಫೇ ಪಟ್ಟಣದ ಚೌಕದಲ್ಲಿದ್ದ ವೂಲ್ವರ್ತ್ ಅಂಗಡಿಯ ಉಪಾಹಾರದ ಕಟ್ಟೆಯಲ್ಲಿ ತೆರೇಸಾ ಹೆರ್ನಾಂಡೆಸ್ ಎಂಬಾಕೆಯು 1960ರ ದಶಕದಲ್ಲಿ ಇದನ್ನು ಕಲ್ಪಿಸಿದಳೆಂದು ಸಾಧಿಸುವರು. ಚಿಪ್ಪಿನ ಪೊಟ್ಟಣವನ್ನೇ ಪಕ್ಕದಲ್ಲಿ ಸೀಳಿ, ಅದರೊಳಗೆ ತಾನು ಮಾಡಿದ ಕೆಂಪು ಚಿಲ್ಲಿಯನ್ನು ಸುರಿದು, ಚಮಚವಿಟ್ಟು ಕೈಗೆ ಕೊಡುವುದು ಆಕೆಯ ಕ್ರಮ. ಆದರೆ ಫ್ರಿಟೋ ಚಿಪ್ಪನ್ನೂ ಚಿಲ್ಲಿಯನ್ನೂ ಕೂಡಿಸಿದ ಪಾಕವು ಟೆಕ್ಸಾಸಿನಲ್ಲಿ 1949ರಷ್ಟು ಹಿಂದೆಯೇ ಅಚ್ಚಾಗಿರುವುದು. ಆದ್ದರಿಂದ ಪದಾರ್ಥದ ಮೊದಲಿಗತನವನ್ನು ಸಾಂಟಾ ಫೇಗೆ ಕೊಡಲಾಗದು; ಪೊಟ್ಟಣದ ಕೀರ್ತಿಯನ್ನು ಕೊಡುವುದಕ್ಕೆ ನನ್ನ ಅಡ್ಡಿಯಿಲ್ಲ. ವಾದಿಸುವ ಎರಡು ಪಕ್ಷದವರೂ ಓಲ್ಗಿನ್ನನ ಹೆಸರೆತ್ತುವುದು ಅಪರೂಪ. ಚೌಕದಿಂದ ಎಬ್ಬಿಸಲ್ಪಟ್ಟ ರಾಣಿಯರ ಹೆಸರೆತ್ತುವುದು ಇನ್ನೂ ಅಪರೂಪ. ಐದು ವರ್ಷಗಳ ಅಂತರದಲ್ಲಿ ಒಂದೇ ಊರಿನಲ್ಲಿ ಒಬ್ಬನು ತನ್ನ ವಿದ್ಯೆಯನ್ನು ನೂರು ಡಾಲರಿಗೆ ಮಾರಿದನು, ಇನ್ನು ಕೆಲವರು ತಮ್ಮ ಒಲೆಗಳನ್ನು ಆರಿಸಿದರು; ಈ ಇಬ್ಬರ ಪದಾರ್ಥಗಳೇ ಆ ಪೊಟ್ಟಣದಲ್ಲಿ ಕೂಡಿರುವುವು.

ವೂಲ್ವರ್ತ್ ಅಂಗಡಿಯು 1997ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ ತೆರೆದ ಮತ್ತೊಂದು ಅಂಗಡಿಯು ಪೊಟ್ಟಣದ ಪದ್ಧತಿಯನ್ನು ಬಿಡದೆ ನಡೆಸಿತು. 2013ರಲ್ಲಿ ಆಂಥನಿ ಬೋರ್ಡೇನ್ ಎಂಬ ಪ್ರಖ್ಯಾತ ಪಾಕಪ್ರವೀಣನು ಅಲ್ಲಿಗೆ ಬಂದು, ಅದನ್ನು ತಿಂದು, ದೂರದರ್ಶನದಲ್ಲಿ ಹೀನಾಯವಾಗಿ ಮಾತನಾಡಿ, ಅದು ಡಬ್ಬಿಯಿಂದ ತೆಗೆದ ಚಿಲ್ಲಿಯೆಂದುಬಿಟ್ಟನು. ಊರಿನವರು ರೇಗಿದರು. ಚಿಲ್ಲಿಯನ್ನು ಅಲ್ಲಿಯೇ ಮಾಡುವರೆಂದು ತಿಳಿದ ಮೇಲೆ ಆತನು ತನ್ನ ತಪ್ಪನ್ನು ಒಪ್ಪಿಕೊಂಡನು.