ಕಡತಕ್ಕೆ ಸೇರದ ಕೋಡಂಗಿ

1984ರ ಜುಲೈ 7ರ ರಾತ್ರಿ ಅಮೆರಿಕದ ಮೇನ್ ರಾಜ್ಯದ ಬ್ಯಾಂಗರ್ ಪಟ್ಟಣದಲ್ಲಿ ಚಾರ್ಲಿ ಹೊವರ್ಡ್ ಎಂಬ 23 ವರ್ಷದ ಯುವಕನನ್ನು ಮೂವರು ಹುಡುಗರು ಸೇತುವೆಯಿಂದ ಹೊಳೆಗೆ ಎಸೆದರು. ಅವನು ಸಲಿಂಗಪ್ರೇಮಿ ಎಂಬುದಷ್ಟೇ ಕಾರಣ. ಈಜು ಬಾರದ ಅವನು ಮುಳುಗಿ ಸತ್ತ. ಅದೇ ಊರಿನಲ್ಲಿ ಆಗ ಸ್ಟೀಫನ್ ಕಿಂಗ್ 'ಇಟ್' ಎಂಬ ಕಾದಂಬರಿ ಬರೆಯುತ್ತಿದ್ದರು. 1986ರಲ್ಲಿ ಪುಸ್ತಕ ಹೊರಬಂದಾಗ ಆ ಕೊಲೆ ಬೇರೆ ಹೆಸರುಗಳಲ್ಲಿ ಅದರೊಳಗಿತ್ತು.

ಡೆರ್ರಿ ಎಂಬ ಕಲ್ಪಿತ ಊರಿನಲ್ಲಿ ಮಕ್ಕಳನ್ನು ತಿನ್ನುವ ಕೋಡಂಗಿಯ ಕಥೆ ಇದು ಎಂದು ಸಿನಿಮಾ ನೋಡಿದವರಿಗೆ ಗೊತ್ತು. ಏಳು ಮಕ್ಕಳು 1958ರಲ್ಲಿ ಅದನ್ನು ಎದುರಿಸುತ್ತಾರೆ. 27 ವರ್ಷಗಳ ಬಳಿಕ, ದೊಡ್ಡವರಾಗಿ, ಮತ್ತೊಮ್ಮೆ. ಸಾವಿರ ಪುಟ ದಾಟುವ ಕಾದಂಬರಿ, ಇನ್ನೂರು ಪುಟ ಕಡಿಮೆಯಿದ್ದರೂ ನಷ್ಟವಿರಲಿಲ್ಲ. ನಾನು ಓದಲು ಕೂತದ್ದು ಭಯಕ್ಕಾಗಿ. ಇತಿಹಾಸದ ವಿದ್ಯಾರ್ಥಿಯಾದ ನನ್ನನ್ನು ಹಿಡಿದು ಕೂರಿಸಿದವನು ಮಾತ್ರ ಮೈಕ್ ಹ್ಯಾನ್ಲನ್. ಏಳು ಜನರಲ್ಲಿ ಊರು ಬಿಡದೆ ಉಳಿದವನು ಅವನೊಬ್ಬನೇ. ಗ್ರಂಥಪಾಲಕನಾಗಿ ಹಳೆಯ ಪತ್ರಿಕೆ ಕೆದಕುತ್ತಾನೆ, ಮುದುಕರ ಬಾಯಿ ಬಿಡಿಸುತ್ತಾನೆ.

ಅವನ ಟಿಪ್ಪಣಿಗಳಲ್ಲೊಂದು ಬ್ರಾಡ್ಲಿ ಗ್ಯಾಂಗಿನದು. ಇದಕ್ಕೂ ನಿಜದ ಮೂಲವಿದೆ. 1937ರ ಅಕ್ಟೋಬರ್ 12ರಂದು ಬ್ಯಾಂಗರಿನ ನಡುಬೀದಿಯಲ್ಲಿ ಎಫ್‌ಬಿಐನವರು ದರೋಡೆಕೋರ ಆಲ್ ಬ್ರೇಡಿ ಮತ್ತು ಅವನ ಸಹಚರನೊಬ್ಬನನ್ನು ಗುಂಡಿಟ್ಟು ಕೊಂದರು. ಕಿಂಗ್ ಇಲ್ಲಿ ಬಂದೂಕನ್ನು ಕೈ ಬದಲಾಯಿಸುತ್ತಾರೆ. ಡೆರ್ರಿಯಲ್ಲಿ ಗುಂಡು ಹಾರಿಸುವವರು ಅಂಗಡಿಯವರು, ಊರಿನ ಗೃಹಸ್ಥರು. ಆಮೇಲೆ ಕೇಳಿದರೆ ಆ ದಿನ ತಾವು ಊರಲ್ಲೇ ಇರಲಿಲ್ಲ ಎನ್ನುತ್ತಾರೆ. ಕಾದಂಬರಿಯ ನಿಜವಾದ ಭೂತ ನನಗೆ ಕಂಡದ್ದು ಈ ಸಣ್ಣ ಬದಲಾವಣೆಯಲ್ಲಿ.

ದೊಡ್ಡವರು ಸುಳ್ಳು ಹೇಳುತ್ತಾರೆ ಅನ್ನುವುದಕ್ಕಿಂತ ಅವರಿಗೆ ಕಾಣುವುದೇ ಇಲ್ಲ. ಬೆವರ್ಲಿ ಎಂಬ ಹುಡುಗಿಯ ಮನೆಯ ಸಿಂಕಿನಿಂದ ರಕ್ತ ಚಿಮ್ಮಿ ಗೋಡೆಯೆಲ್ಲ ಕೆಂಪಾಗುತ್ತದೆ. ಅಪ್ಪ ಅಲ್ಲೇ ನಿಂತಿದ್ದರೂ ಅವನಿಗೆ ಏನೂ ಇಲ್ಲ. ಗೆಳೆಯರು ಬಂದು ನೋಡುತ್ತಾರೆ, ಅವರಿಗೆ ಕಾಣುತ್ತದೆ! ಎಲ್ಲರೂ ಸೇರಿ ಒರೆಸಿ, ಆ ಬಟ್ಟೆಗಳನ್ನು ಲಾಂಡ್ರಿಗೆ ಒಯ್ದು ಒಗೆಯುತ್ತಾರೆ. ಬಾಲ್ಯದ ಕಲ್ಪನೆ ಅಂದರೆ ಇಲ್ಲದ್ದನ್ನು ಕಾಣುವುದು ಎಂದುಕೊಂಡಿದ್ದೆ. ಇಲ್ಲಿ ಅದು ಇರುವುದನ್ನು ಕಾಣುವ ಶಕ್ತಿ. ನಾಲ್ಕು ಮಕ್ಕಳು ಒಬ್ಬರಿಗೊಬ್ಬರು ಸಾಕ್ಷಿ.

ಸೇತುವೆಯ ಕೊಲೆಗೆ ಹಿಂದಿರುಗೋಣ. ಕಾದಂಬರಿಯಲ್ಲಿ ಸತ್ತವನ ಸಂಗಾತಿ ಸೇತುವೆಯ ಕೆಳಗೆ ಕೋಡಂಗಿಯನ್ನು ನೋಡಿರುತ್ತಾನೆ, ಆರೋಪಿಗಳಲ್ಲಿ ಒಬ್ಬನೂ ನೋಡಿರುತ್ತಾನೆ. ಎದುರಾಳಿಗಳಿಬ್ಬರ ಹೇಳಿಕೆ ಹೊಂದುವುದು ಎಷ್ಟು ಅಪರೂಪ! ಆದರೂ ಪ್ರಕರಣ ಕೆಡುತ್ತದೆಂದು ಅಧಿಕಾರಿಗಳು ಅದನ್ನು ಕೈಬಿಡುತ್ತಾರೆ. ಶಿಕ್ಷೆಯಾಗುತ್ತದೆ, ದಾಖಲೆ ಚೊಕ್ಕಟವಾಗಿರುತ್ತದೆ. ಆ ಭಾಗ ಓದಿದ ಮೇಲೆ ನನ್ನ ಮೇಜಿನ ಮೇಲಿದ್ದ ಹಳೆಯ ವಿಚಾರಣಾ ಕಡತಗಳ ನಕಲುಗಳನ್ನು ಮತ್ತೆ ತೆರೆದೆ. ಅವೂ ಚೊಕ್ಕಟವಾಗಿಯೇ ಇದ್ದವು.

ಕೊನೆಯಲ್ಲಿ ಕೋಡಂಗಿ ಸಾಯುತ್ತದೆ, ಬದುಕುಳಿದ ಗೆಳೆಯರು ಒಬ್ಬರನ್ನೊಬ್ಬರು ಮರೆಯತೊಡಗುತ್ತಾರೆ. ಮೈಕ್ ತನ್ನ ಟಿಪ್ಪಣಿ ತೆರೆದು ನೋಡಿದರೆ, ತಾನೇ ಬರೆದ ಅಕ್ಷರಗಳು ಮಾಸುತ್ತಿವೆ.